ನಾಣ್ಯದ ಮೇಲಿನ ದೊರೆ, ನಾಲಿಗೆಯ ಮೇಲಿನ ಗಂಟು

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳೆಯ ಮನೆಗಳಲ್ಲಿ ಅಜ್ಜಿಯರ ಟ್ರಂಕು ತೆರೆದರೆ ಒಂದೆರಡು ಹಳೆಯ ರೂಪಾಯಿ ನಾಣ್ಯಗಳು ಸಿಗುವುದುಂಟು. 1938ರಿಂದ 1947ರವರೆಗಿನ ಇಸವಿ ಇರುವ ನಾಣ್ಯವಾದರೆ ಅದರ ಒಂದು ಮುಖದಲ್ಲಿ ಕಿರೀಟ ಧರಿಸಿದ ದೊರೆಯ ತಲೆ ಇರುತ್ತದೆ. ಅವರು ಆರನೇ ಜಾರ್ಜ್. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯರಾಗಿದ್ದ ಆ ವ್ಯಕ್ತಿಗೆ ನಾಲ್ಕು ಜನರ ಮುಂದೆ ನಿಂತು ನಾಲ್ಕು ಮಾತು ಆಡುವುದೇ ದೊಡ್ಡ ಯುದ್ಧವಾಗಿತ್ತು. ಅವರಿಗೆ ಉಗ್ಗು ಇತ್ತು.

ನಮ್ಮನ್ನು ಆಳಿದ ಪರದೇಶದ ದೊರೆಯ ಕಥೆ ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದು ಆತನ ಅಧಿಕಾರವನ್ನು ಹೊಗಳುವ ಲೇಖನವಲ್ಲ. ನಮ್ಮ ಶಾಲೆ, ಮದ್ರಸಾ, ಕಾಲೇಜುಗಳಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದ ಹುಡುಗ ಅಥವಾ ಹುಡುಗಿ ಇರುತ್ತಾರೆ. ಹಾಜರಿ ಕೂಗುವಾಗ ತಮ್ಮ ಸರದಿ ಬರುತ್ತಿದ್ದಂತೆ ಅವರ ಎದೆ ಹೊಡೆದುಕೊಳ್ಳುತ್ತದೆ. ಉರ್ದುವಿನಲ್ಲಿ ಹಕ್ಲಾ ಎಂದೂ ಕನ್ನಡದಲ್ಲಿ ಉಗ್ಗ ಎಂದೂ ಅವರಿಗೆ ಹೆಸರಿಟ್ಟು ನಗುತ್ತೇವೆ. ಅವರಿಗಾಗಿಯೂ, ನಗುವ ನಮಗಾಗಿಯೂ ಈ ಜೀವನ ಕಥೆ.

ಮೌನದ ಬಾಲ್ಯ

ಆಲ್ಬರ್ಟ್ ಎಂಬ ಹೆಸರಿನ ಈ ರಾಜಕುಮಾರ ಹುಟ್ಟಿದ್ದು 1895ರ ಡಿಸೆಂಬರ್ 14ರಂದು. ಮುಂದೆ ಐದನೇ ಜಾರ್ಜ್ ಎನಿಸಿದ ತಂದೆ ಬಹಳ ಶಿಸ್ತಿನವರು, ಕೋಪಿಷ್ಠರು. ಬಾಲಕನ ಮಂಡಿಗಳು ಒಳಕ್ಕೆ ಬಾಗಿದ್ದರಿಂದ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಎಡಗೈಯಲ್ಲಿ ಬರೆಯುತ್ತಿದ್ದವನನ್ನು ಬಲಗೈಗೆ ಒತ್ತಾಯದಿಂದ ತಿರುಗಿಸಿದರು. ಏಳೆಂಟು ವರ್ಷದ ಹೊತ್ತಿಗೆ ಮಾತು ತಡವರಿಸತೊಡಗಿತು.

ಶಾಲೆಯಲ್ಲಿ ಗಣಿತದ ಪಾಠದಲ್ಲಿ ಅರ್ಧದ ಅರ್ಧ ಎಷ್ಟು ಎಂದು ಕೇಳಿದಾಗ ಆತ ಸುಮ್ಮನೆ ನಿಂತಿದ್ದನೆಂದು ಹೇಳುತ್ತಾರೆ. ಕಾಲು ಎಂಬುದು ಗೊತ್ತಿತ್ತು. ಆದರೆ ಇಂಗ್ಲಿಷಿನ ಕ್ವಾರ್ಟರ್ ಎಂಬ ಪದದ ಮೊದಲ ಸದ್ದೇ ಹೊರಡಲಿಲ್ಲ. ಗುರುಗಳು ಅದನ್ನು ದಡ್ಡತನವೆಂದು ತಿಳಿದರು. 1911ರಲ್ಲಿ ನೌಕಾ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಆತ ತರಗತಿಗೇ ಕೊನೆಯವನಾದ. ಆದರೂ ಓದು ಬಿಡಲಿಲ್ಲ. ನೌಕಾಪಡೆ ಸೇರಿ, 1916ರ ಜಟ್‌ಲೆಂಡ್ ಸಮರದಲ್ಲಿ ಕಾಲಿಂಗ್‌ವುಡ್ ಎಂಬ ಯುದ್ಧನೌಕೆಯಲ್ಲಿದ್ದರು. ಫಿರಂಗಿಗಳ ಎದುರು ನಿಂತವರಿಗೆ ಧೈರ್ಯವಿಲ್ಲವೆಂದು ಯಾರು ಹೇಳಬಲ್ಲರು? ಉಗ್ಗು ಹೇಡಿತನದ ಗುರುತಲ್ಲ.

ವೆಂಬ್ಲಿಯ ಅವಮಾನ, ಲೋಗ್ ಅವರ ನೆರವು

1925ರ ಅಕ್ಟೋಬರ್ 31ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸಾಮ್ರಾಜ್ಯ ಪ್ರದರ್ಶನದ ಸಮಾರೋಪ ಭಾಷಣ ಅವರ ಪಾಲಿಗೆ ಬಂತು. ತುಂಬಿದ ಮೈದಾನ, ಮುಂದೆ ಮೈಕು. ಮಾತು ನಡುನಡುವೆ ನಿಂತುಹೋಯಿತು. ಕೇಳುತ್ತಿದ್ದವರಿಗೂ ಸಂಕಟವಾಯಿತು.

ಮರುವರ್ಷ ಪತ್ನಿ ಎಲಿಜಬೆತ್ ಅವರ ಒತ್ತಾಸೆಯಿಂದ, 1926ರ ಅಕ್ಟೋಬರ್‌ನಲ್ಲಿ ಹಾರ್ಲೆ ಸ್ಟ್ರೀಟಿನಲ್ಲಿದ್ದ ಲಯೊನೆಲ್ ಲೋಗ್ ಅವರ ಬಳಿಗೆ ಹೋದರು. ಲೋಗ್ ಆಸ್ಟ್ರೇಲಿಯದವರು, ವೈದ್ಯ ಪದವಿ ಇಲ್ಲದವರು. ಮೊದಲನೇ ಮಹಾಯುದ್ಧದ ಆಘಾತದಿಂದ ಮಾತು ಕೆಟ್ಟಿದ್ದ ಸೈನಿಕರಿಗೆ ನೆರವಾಗಿ ಅನುಭವ ಪಡೆದವರು. ಲೋಗ್ ಮಾಯಮಂತ್ರ ಮಾಡಲಿಲ್ಲ. ಉಸಿರನ್ನು ಹೊಟ್ಟೆಯ ಆಳದಿಂದ ತೆಗೆದುಕೊಳ್ಳುವುದು, ತೆರೆದ ಕಿಟಕಿಯ ಬಳಿ ನಿಂತು ಸ್ವರಗಳನ್ನು ದೀರ್ಘವಾಗಿ ಹೇಳುವುದು, ದಿನವೂ ಸುಮಾರು ಒಂದು ಗಂಟೆ ಅಭ್ಯಾಸ, ಇಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸರಿಹೋಗಬಲ್ಲದು ಎಂಬ ನಂಬಿಕೆ ಕೊಟ್ಟರು. ರಾಜಕುಮಾರ ಸುಮಾರು 14 ತಿಂಗಳಲ್ಲಿ 80ಕ್ಕೂ ಹೆಚ್ಚು ಬಾರಿ ಅವರ ಬಳಿ ಹೋದರು. 1927ರ ಮೇ 9ರಂದು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಸಂಸತ್ ಭವನವನ್ನು ಉದ್ಘಾಟಿಸಿ ಚೆನ್ನಾಗಿ ಮಾತನಾಡಿದರು.

ಬೇಡದೆ ಬಂದ ಸಿಂಹಾಸನ

ಅಣ್ಣ ಎಂಟನೇ ಎಡ್ವರ್ಡ್ 1936ರ ಡಿಸೆಂಬರ್‌ನಲ್ಲಿ ಪದತ್ಯಾಗ ಮಾಡಿದಾಗ, ಬಯಸದ ಕಿರೀಟ ತಮ್ಮನ ತಲೆಗೆ ಬಂತು. ಅದು ರೇಡಿಯೋ ಕಾಲ. ದೊರೆ ಸುಮ್ಮನಿರುವಂತಿರಲಿಲ್ಲ. 1939ರ ಸೆಪ್ಟೆಂಬರ್ 3ರ ಸಂಜೆ, ಎರಡನೇ ಮಹಾಯುದ್ಧ ಘೋಷಣೆಯಾದ ದಿನ, ಅವರು ರೇಡಿಯೋದಲ್ಲಿ ಜನರೊಂದಿಗೆ ಮಾತನಾಡಿದರು. ಲೋಗ್ ಪಕ್ಕದಲ್ಲಿದ್ದರು. ಭಾಷಣದ ಪ್ರತಿಯಲ್ಲಿ ಎಲ್ಲಿ ನಿಲ್ಲಬೇಕೆಂದು ಗುರುತು ಹಾಕುವುದು, ಕಷ್ಟದ ಪದಕ್ಕೆ ಬದಲಿ ಪದ ಇಡುವುದು ಇಬ್ಬರ ವಾಡಿಕೆ. 1944ರ ಕ್ರಿಸ್‌ಮಸ್ ಭಾಷಣವನ್ನು ಮೊದಲ ಬಾರಿಗೆ ಲೋಗ್ ಇಲ್ಲದೆ ಮಾಡಿದರು. 1952ರ ಫೆಬ್ರವರಿ 6ರಂದು ತೀರಿಕೊಂಡರು.

ಅವರ ಉಗ್ಗು ಪೂರ್ತಿ ಹೋಗಲಿಲ್ಲ. ಹಳೆಯ ಧ್ವನಿಮುದ್ರಣಗಳಲ್ಲಿ ಆ ತಡೆಗಳು ಇಂದಿಗೂ ಕೇಳಿಸುತ್ತವೆ. ಉಗ್ಗು ಇದ್ದೂ ಅವರು ತಮ್ಮ ಮಾತನ್ನು ಮುಗಿಸಿದರು. ಈ ಕಥೆಯ ತಿರುಳೇ ಇದು.

ನಾವು ತಿಳಿಯಬೇಕಾದದ್ದು

ಉಗ್ಗು ಬುದ್ಧಿಯ ದೋಷವಲ್ಲ, ನಾಲಿಗೆ ದಪ್ಪವಾಗಿರುವುದರಿಂದಲೂ ಬರುವುದಿಲ್ಲ. ಮಾತನ್ನು ಹೊಂದಿಸುವ ಮೆದುಳಿನ ಕೆಲಸದಲ್ಲಿರುವ ವ್ಯತ್ಯಾಸ ಅದರ ಮೂಲವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿಯೂ ಬರುತ್ತದೆ. ಬೈಗುಳ, ಭಯ ಅದನ್ನು ಹೆಚ್ಚಿಸುತ್ತವೆ. ಆದರೆ ತಾಯಿ ತಂದೆಯರ ತಪ್ಪಿನಿಂದ ಅದು ಹುಟ್ಟುವುದಿಲ್ಲ. ನೂರರಲ್ಲಿ ಸುಮಾರು 5 ಮಕ್ಕಳಿಗೆ ಎಳವೆಯಲ್ಲಿ ಉಗ್ಗು ಕಾಣಿಸುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಉಳಿಯುತ್ತದೆ. ಗಂಡಸರಲ್ಲಿ ಹೆಚ್ಚು.

ಮಾತಿನಲ್ಲಿ ಉಗ್ಗುವ ಹುಡುಗ ನಾತ್ ಹಾಡುವಾಗ, ಎಲ್ಲರೊಂದಿಗೆ ಒಟ್ಟಾಗಿ ಪಾಠ ಹೇಳುವಾಗ ತಡೆಯಿಲ್ಲದೆ ಹೇಳುವುದನ್ನು ನೀವು ನೋಡಿರಬಹುದು. ನಾಲಿಗೆಯಲ್ಲಿ ಕೊರತೆ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಬಜೆ ತಿಕ್ಕಿದರೆ, ಬಾಯಲ್ಲಿ ಕಲ್ಲು ಇಟ್ಟುಕೊಂಡರೆ ಉಗ್ಗು ಹೋಗುವುದಿಲ್ಲ. ಮೊದಲ ಅಕ್ಷರವನ್ನು ಒತ್ತದೆ ಮೆಲ್ಲಗೆ ಎತ್ತಿಕೊಳ್ಳುವುದು, ನಡುವೆ ನಿಲ್ಲುವುದು, ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ ಎಂದು ಮೊದಲೇ ಹೇಳಿಬಿಡುವುದು ನೆರವಾಗುತ್ತವೆ. ಮಾತು ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ.

ಕೇಳುವವರು ಅವರ ವಾಕ್ಯವನ್ನು ತಾವೇ ಮುಗಿಸಬಾರದು, ನಿಧಾನವಾಗಿ ಹೇಳು ಎಂದು ಗದರಬಾರದು, ಮುಖ ತಿರುಗಿಸಬಾರದು. ಶಿಕ್ಷಕರು ಅಂಥ ಮಕ್ಕಳಿಗೆ ಮೌಖಿಕ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಬೇಕು. ಚಿಕ್ಕ ಮಕ್ಕಳಲ್ಲಿ ಉಗ್ಗು ತಿಂಗಳುಗಟ್ಟಲೆ ಮುಂದುವರಿದರೆ ಕಾಯದೆ ತಜ್ಞರಿಗೆ ತೋರಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಹಜರತ್ ಮೂಸಾ (ಅ.ಸ.) ಅವರು ತಮ್ಮ ನಾಲಿಗೆಯ ಗಂಟನ್ನು ಬಿಡಿಸೆಂದು ಅಲ್ಲಾಹನಲ್ಲಿ ಬೇಡಿದ್ದನ್ನೂ, ಸಹೋದರ ಹಾರೂನ್ (ಅ.ಸ.) ಅವರನ್ನು ಸಹಾಯಕರಾಗಿ ಕೇಳಿದ್ದನ್ನೂ ನಮ್ಮ ಮಕ್ಕಳು ಬಲ್ಲರು. ದೊರೆಗೂ ಒಬ್ಬ ಲೋಗ್ ಬೇಕಾದರು. ನಿಮ್ಮ ಬೆಂಚಿನಲ್ಲಿ ಕುಳಿತ ಗೆಳೆಯನ ಮಾತು ಮುಗಿಯುವವರೆಗೆ ನಗದೆ ಕಾದರೆ ಅವನ ಪಾಲಿಗೆ ಆ ಸಹಾಯಕರು ನೀವೇ ಆಗುತ್ತೀರಿ.