ಮೊದಲು ಬಣ್ಣ ನಿಲ್ಲಲಿ, ಆಮೇಲೆ ಚಿತ್ತಾರ

ನವಲಗುಂದ ತಾಲ್ಲೂಕಿನ ಯಮನೂರಿನಿಂದ ಒಬ್ಬ ತಂಗಿ ಪತ್ರ ಬರೆದಿದ್ದಾಳೆ. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಉಗುರಿನ ಕೆಲಸ ಕಲಿತು ಬಂದಿದ್ದಾಳಂತೆ. ಮನೆಯ ಪಡಸಾಲೆಯಲ್ಲೇ ಒಂದು ಟೇಬಲ್, ಎರಡು ಕುರ್ಚಿ ಹಾಕಿ ಶುರು ಮಾಡೋ ಆಸೆ. ಜಾತ್ರೆಗೆ ಬರೋರು, ಮದುವೆ ಮನೆಯವರು, ನವಲಗುಂದದ ಕಾಲೇಜು ಹುಡುಗಿಯರು ಗಿರಾಕಿಗಳಾಗ್ತಾರೆ ಅನ್ನೋ ಲೆಕ್ಕ. ಆದರೆ ನೇಲ್ ಆರ್ಟ್ ಇನ್ನೂ ಕೈಗೆ ಹತ್ತಿಲ್ಲ. ಬೋರ್ಡಿನ ಮೇಲೆ ಅದನ್ನೂ ಬರೆಸಬೇಕೋ ಬೇಡವೋ? ಸಂಘದಲ್ಲಿ ಸಾಲ ತೆಗೆದು ಜೆಲ್, ಲ್ಯಾಂಪ್, ಕಲ್ಲು, ಸ್ಟಿಕರ್ ಎಲ್ಲ ತಂದುಬಿಡಲಾ ಅಂತ ಕೇಳಿದ್ದಾಳೆ. ಬರೆಸದಿದ್ದರೆ ಗಿರಾಕಿ ಬರೋದಿಲ್ಲ ಅನ್ನೋ ಭಯ, ಬರೆಸಿದರೆ ಕೆಲಸ ಕೆಟ್ಟು ಹೆಸರು ಹೋಗುತ್ತೆ ಅನ್ನೋ ಭಯ.

ನಗರದಲ್ಲಿ ಮನೆಯಲ್ಲೇ ಪಾರ್ಲರ್ ತೆರೆದ ಎಷ್ಟೋ ಗೆಳತಿಯರಿಗೂ ಇದೇ ಗೊಂದಲ. ಅದಕ್ಕೇ ಉತ್ತರ ಹೇಳೋ ಮುಂಚೆ ಒಬ್ಬರ ಜೀವನದ ಕಥೆ ಹೇಳ್ತೀನಿ. ನಮ್ಮ ಡ್ರೆಸ್ಸಿಂಗ್ ಟೇಬಲ್ ಮೇಲೆ ಹೆಸರು ಕಾಣೋ ರೆವ್ಲಾನ್ ಕಂಪನಿ ಕಟ್ಟಿದ ಚಾರ್ಲ್ಸ್ ರೆವ್ಸನ್ ಕಥೆ. ಇಡೀ ಜಗತ್ತಿಗೆ ಸೌಂದರ್ಯ ಸಾಧನ ಮಾರಿದ ಈ ಮನುಷ್ಯ ಶುರು ಮಾಡಿದ್ದು ಬರೀ ಉಗುರಿನ ಬಣ್ಣದಿಂದ!

ಚಾರ್ಲ್ಸ್ ಹುಟ್ಟಿದ್ದು 1906ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಬೆಳೆದದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಲ್ಲಿ. ವಲಸೆ ಬಂದ ಯಹೂದಿ ಮನೆತನ. ಅಪ್ಪ ಸಿಗಾರ್ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವ ಕೆಲಸಗಾರ. ಮನೆಯಲ್ಲಿ ಮೂರು ಗಂಡುಮಕ್ಕಳು. ದುಡ್ಡಿನ ಬಲವಾಗಲಿ, ದೊಡ್ಡ ಕಾಲೇಜಿನ ಓದಾಗಲಿ ಇರಲಿಲ್ಲ. ಶಾಲೆ ಮುಗಿಸಿದವನೇ ನ್ಯೂಯಾರ್ಕಿಗೆ ಬಂದು ಹೆಂಗಸರ ಉಡುಪು ಮಾರುವ ಕಂಪನಿ ಸೇರಿದ. ಬಟ್ಟೆ ಆರಿಸುತ್ತಾ ಆರಿಸುತ್ತಾ ಬಣ್ಣಗಳ ನಡುವಿನ ಸಣ್ಣ ಸಣ್ಣ ವ್ಯತ್ಯಾಸ ಗುರುತಿಸೋದು ಅವನಿಗೆ ಅಭ್ಯಾಸವಾಯ್ತು. ನಾವು ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಮ್ಯಾಚ್ ಮಾಡ್ತೀವಲ್ಲ, ಹಾಗೆ! ಈ ಕಣ್ಣೇ ಮುಂದೆ ಅವನ ಬಂಡವಾಳ.

ಆಮೇಲೆ ಎಲ್ಕಾ ಅನ್ನೋ ಕಂಪನಿಯ ನೇಲ್ ಪಾಲಿಶ್ ಮಾರುವ ಕೆಲಸ ಸಿಕ್ಕಿತು. ಬ್ಯಾಗಿನಲ್ಲಿ ಶೀಶೆ ತುಂಬಿಕೊಂಡು ಪಾರ್ಲರಿನಿಂದ ಪಾರ್ಲರಿಗೆ ಅಲೆದಾಟ. ಹೆಚ್ಚು ಊರುಗಳಲ್ಲಿ ಮಾರುವ ಅವಕಾಶ ಕೇಳಿದ. ಕಂಪನಿ ಒಪ್ಪಲಿಲ್ಲ. ಕೆಲಸ ಬಿಟ್ಟ.

ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಜನ ಕೆಲಸ ಕಳೆದುಕೊಂಡು ಬೀದಿಗೆ ಬಂದಿದ್ದರು. ಅಂಥ 1932ರಲ್ಲಿ ಅಣ್ಣ ಜೋಸೆಫ್, ಜೊತೆಗೆ ಚಾರ್ಲ್ಸ್ ಲಾಚ್‌ಮನ್ ಸೇರಿ ಮೂವರೂ ಬರೀ 300 ಡಾಲರ್ ಬಂಡವಾಳದಲ್ಲಿ ಕಂಪನಿ ಶುರು ಮಾಡಿದರು. ರೆವ್ಸನ್ ಹೆಸರಿನ 'ಸ' ತೆಗೆದು ಲಾಚ್‌ಮನ್ ಹೆಸರಿನ 'ಲ' ಸೇರಿಸಿದರು, ರೆವ್ಲಾನ್ ಆಯ್ತು.

ಅದುವರೆಗಿನ ನೇಲ್ ಪಾಲಿಶ್ ತೆಳ್ಳಗೆ, ಪಾರದರ್ಶಕ. ಬಣ್ಣಗಳೂ ಬೆರಳೆಣಿಕೆಯಷ್ಟೇ. ರೆವ್ಲಾನ್‌ನವರು ಕರಗುವ ಬಣ್ಣದ ಬದಲು ಪಿಗ್ಮೆಂಟ್, ಅಂದ್ರೆ ಬಣ್ಣದ ನುಣ್ಣನೆ ಪುಡಿ ಬಳಸಿದರು. ಉಗುರು ಪೂರ್ತಿ ಮುಚ್ಚುವ, ಕೆನೆಯಂಥ ಗಟ್ಟಿ ಬಣ್ಣ ಬಂತು. ಶೇಡ್‌ಗಳೂ ಹೆಚ್ಚಾದವು. ಚಾರ್ಲ್ಸ್ ಹೊಸ ಬಣ್ಣವನ್ನು ತನ್ನ ಉಗುರಿಗೇ ಹಚ್ಚಿಕೊಂಡು ಪರೀಕ್ಷೆ ಮಾಡುತ್ತಿದ್ದ. ಗಂಡಸು ಉಗುರಿಗೆ ಬಣ್ಣ ಹಚ್ಚಿಕೊಂಡು ತಿರುಗಿದರೆ ಜನ ಏನಂತಾರೋ ಅನ್ನೋ ನಾಚಿಕೆ ಇಟ್ಟುಕೊಳ್ಳಲಿಲ್ಲ. ತಾನೇ ನಂಬದ ಮಾಲನ್ನು ಮಾರೋದು ಹೇಗೆ, ಅಲ್ವಾ?

ಆ ದಿನಗಳಲ್ಲೂ ಉಗುರಿನ ಫ್ಯಾಷನ್ ಇತ್ತು. ಬುಡದ ಅರ್ಧಚಂದ್ರವನ್ನು ಹಾಗೇ ಬಿಟ್ಟು ನಡುವೆ ಮಾತ್ರ ಬಣ್ಣ ತುಂಬೋದು ಆಗಿನ ನೇಲ್ ಆರ್ಟ್ ಅನ್ನಿ! ಆದರೆ ಅದು ಚೆಂದ ಕಾಣಬೇಕಾದರೂ ಬಣ್ಣ ಮೊದಲು ಸಮನಾಗಿ ಕೂರಬೇಕಲ್ಲ.

ಕೂದಲು ಗುಂಗುರು ಮಾಡಿಸಿಕೊಳ್ಳಲು ಹೆಂಗಸರು ಗಂಟೆಗಟ್ಟಲೆ ಪಾರ್ಲರಿನಲ್ಲಿ ಕೂರುತ್ತಿದ್ದ ಕಾಲ ಅದು. ಕೈ ಖಾಲಿ ಇರುವ ಆ ಹೊತ್ತೇ ಉಗುರಿನ ಬಣ್ಣಕ್ಕೆ ಸರಿ. ಹಾಗಾಗಿ ರೆವ್ಲಾನ್ ಮೊದಲು ಪಾರ್ಲರುಗಳನ್ನೇ ಹಿಡಿಯಿತು. ದೊಡ್ಡ ಅಂಗಡಿಗಳಿಗೆ ಮಾಲು ಹೋದದ್ದು 1937ರಲ್ಲಿ. ಉಗುರಿನ ಬಣ್ಣಕ್ಕೆ ಹೊಂದುವ ಲಿಪ್‌ಸ್ಟಿಕ್ ಜೋರಾಗಿ ಮಾರುಕಟ್ಟೆಗೆ ಬಂದದ್ದು 1940ರ ಹೊತ್ತಿಗೆ. ಅಂದ್ರೆ ಹತ್ತಿರ ಹತ್ತಿರ ಎಂಟು ವರ್ಷ ಈ ಕಂಪನಿಯ ಜೀವಾಳ ಒಂದೇ ಒಂದು: ಉಗುರಿನ ಬಣ್ಣ!

ಮುಂದೆ ಬಂದದ್ದೆಲ್ಲ ದೊಡ್ಡ ಕಥೆ. 1952ರಲ್ಲಿ ಫೈರ್ ಅಂಡ್ ಐಸ್ ಹೆಸರಿನ ಕೆಂಪು ಬಣ್ಣದ ಜಾಹೀರಾತು ಅಮೆರಿಕದಲ್ಲಿ ಮನೆಮಾತಾಯಿತು. ನಮ್ಮ ದೇಶದಲ್ಲಿ ಟಾಟಾದವರು ಲ್ಯಾಕ್ಮೆ ಶುರು ಮಾಡಿದ್ದೂ ಅದೇ ವರ್ಷ. 1955ರಲ್ಲಿ ಟೀವಿ ಕ್ವಿಜ್ ಪ್ರಾಯೋಜಿಸಿ ರೆವ್ಲಾನ್ ಮನೆಮನೆ ತಲುಪಿತು. ಹಾಗಂತ ಚಾರ್ಲ್ಸ್ ದೇವರಂಥ ಮನುಷ್ಯನೇನಲ್ಲ. ಸಿಡುಕ, ಹಟಮಾರಿ. ಒಡಹುಟ್ಟಿದವರ ಜೊತೆಗೇ ಮನಸ್ತಾಪವಾಗಿ ತಮ್ಮ ಮಾರ್ಟಿನ್ ಕೋರ್ಟಿನ ಮೆಟ್ಟಿಲೇರಿದ. ಮೂರು ಮದುವೆಯಾದರೂ ಮನೆಯ ನೆಮ್ಮದಿ ದಕ್ಕಲಿಲ್ಲ. 1975ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನ ನಂತರ ಕಂಪನಿ ಬೇರೆಯವರ ಕೈಗೆ ಹೋಯ್ತು, ಸಾಲದ ಮೇಲೆ ಸಾಲ ಏರಿತು. ಕೊನೆಗೆ 2022ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಮರುವರ್ಷ ಅದರಿಂದ ಹೊರಬಂತು ಅನ್ನೋದು ಬೇರೆ ಮಾತು.

ತಂಗಿ, ಈಗ ನಿನ್ನ ಪ್ರಶ್ನೆಗೆ ಬರೋಣ. ನೇಲ್ ಆರ್ಟ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಆದರೆ ಮೊದಲ ದಿನವೇ ಬೋರ್ಡಿನ ಮೇಲೆ ಬೇಡ. ನಿನ್ನ ಗಿರಾಕಿ ಯಾರು ಅಂತ ನೋಡು. ರೊಟ್ಟಿ ಬಡಿಯೋ ಕೈ, ಪಾತ್ರೆ ತಿಕ್ಕೋ ಕೈ, ಹೊಲದಲ್ಲಿ ಕಸ ತೆಗೆಯೋ ಕೈ. ಅವರಿಗೆ ಬೇಕಾದ್ದು ನಾಲ್ಕು ದಿನ ಸಿಪ್ಪೆ ಏಳದೆ ನಿಲ್ಲುವ ಬಣ್ಣ. ಉಗುರಿನ ಎಣ್ಣೆ ಪಸೆ ಒರೆಸು. ಬೇಸ್ ಕೋಟ್ ಹಾಕು. ಬಣ್ಣವನ್ನು ದಪ್ಪಗೆ ಒಂದು ಸಲ ಬಳಿಯೋ ಬದಲು ತೆಳ್ಳಗೆ ಎರಡು ಸಲ ಹಚ್ಚು. ನಡುವೆ ಒಣಗಲು ಬಿಡು. ಉಗುರಿನ ತುದಿಯ ಅಂಚಿಗೂ ಬ್ರಷ್ ತಾಗಿಸಿ, ಕೊನೆಗೆ ಟಾಪ್ ಕೋಟ್ ಹಾಕು. ಬುಡದ ತೆಳು ಚರ್ಮ ಕತ್ತರಿಸಬೇಡ, ಮೆತ್ತಗೆ ಹಿಂದಕ್ಕೆ ಸರಿಸಿದರೆ ಸಾಕು. ಕತ್ತರಿ, ಪುಷರ್ ಒಬ್ಬರಿಂದ ಒಬ್ಬರಿಗೆ ಹೋಗೋ ಮುಂಚೆ ತೊಳೆದು ಸ್ಪಿರಿಟ್ಟಿನಲ್ಲಿ ಅದ್ದಿಡು. ಉಗುರು ಹಳದಿಯಾಗಿ ದಪ್ಪ ಆಗಿದ್ದರೆ ಅಥವಾ ಬುಡ ಬಾತಿದ್ದರೆ ಬಣ್ಣ ಹಚ್ಚಿ ಮುಚ್ಚಬೇಡ. ಡಾಕ್ಟರ ಹತ್ತಿರ ಕಳಿಸು. ಒಬ್ಬ ಗಿರಾಕಿ ಹೋದರೂ ನಂಬಿಕೆ ಉಳಿಯುತ್ತೆ.

ಜೆಲ್ ಮತ್ತು ಲ್ಯಾಂಪ್ ಸದ್ಯಕ್ಕೆ ಬೇಡ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು. ಒಮ್ಮೆ ಅಂಟಿದ ಅಲರ್ಜಿ ಸುಲಭಕ್ಕೆ ಬಿಡೋದಿಲ್ಲ. ಅದು ಗಿರಾಕಿಗಷ್ಟೇ ಅಲ್ಲ, ದಿನಾ ಮುಟ್ಟುವ ನಿನಗೂ ಅಪಾಯ. ಪೂರ್ತಿ ಕಲಿತ ಮೇಲೆ ನೋಡೋಣ.

ಹಾಗಾದರೆ ಚಿತ್ತಾರ ಯಾವಾಗ? ನಿನ್ನ ಬಣ್ಣ ಚೆನ್ನಾಗಿ ನಿಂತಿದೆ ಅಂತ ಹತ್ತು ಮಂದಿ ತಿರುಗಿ ಬಂದ ದಿನ! ಅಲ್ಲಿವರೆಗೆ ಮನೆಯಲ್ಲಿ ಪ್ಲಾಸ್ಟಿಕ್ ಉಗುರಿನ ಮೇಲೆ ಅಭ್ಯಾಸ ಮಾಡು. ಮೂರೇ ಡಿಸೈನ್ ಸಾಕು: ಹೇರ್‌ಪಿನ್ ತುದಿಯಿಂದ ಇಡುವ ಚುಕ್ಕಿ ಹೂವು, ಉಗುರ ತುದಿಗೆ ಬಿಳಿ ಗೆರೆ, ಉಂಗುರದ ಬೆರಳೊಂದಕ್ಕೆ ಮಾತ್ರ ಮಿನುಗು. ಹಬ್ಬಕ್ಕೆ ಅಂಗಳದಲ್ಲಿ ಚುಕ್ಕಿ ಎಣಿಸಿ ರಂಗೋಲಿ ಹಾಕೋ ಕೈ ನಿನ್ನದು, ಕಷ್ಟವೇನಲ್ಲ. ಮಾಡಿದ್ದನ್ನು ಒಂದು ರಟ್ಟಿನ ಮೇಲೆ ಅಂಟಿಸಿಡು. ಗಿರಾಕಿ ಅದನ್ನೇ ನೋಡಿ ಆರಿಸಲಿ. ಫೋನಿನಲ್ಲಿ ಫೋಟೋ ತೋರಿಸಿ ಇದನ್ನೇ ಮಾಡು ಅಂದರೆ, ಇನ್ನೂ ಕಲಿಯುತ್ತಿದ್ದೇನೆ ಅಕ್ಕಾ ಅನ್ನಲು ನಾಚಿಕೆ ಬೇಡ. ಚಿತ್ತಾರಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡಿಕೊಂಡು ಬೇರೆ ದರ ಇಡು. ಪುಕ್ಕಟೆ ಮಾಡಿಕೊಟ್ಟರೆ ನಾಳೆಯೂ ಪುಕ್ಕಟೆಯೇ ಕೇಳ್ತಾರೆ.

ಸಾಲ ಮಾಡಿ ಕಿಟ್ ತರಬೇಡ. ಬಣ್ಣದ ಕೆಲಸದಲ್ಲಿ ಬಂದ ದುಡ್ಡಲ್ಲೇ ಒಂದೊಂದಾಗಿ ಕೊಳ್ಳು. 300 ಡಾಲರಿನವರು ಒಂದನ್ನು ಗಟ್ಟಿಮಾಡಿಕೊಂಡು ಎರಡನೆಯದಕ್ಕೆ ಕೈ ಹಾಕಿದರು. ನಿನ್ನ ಪಡಸಾಲೆಯ ಟೇಬಲ್ಲಿಗೂ ಅದೇ ದಾರಿ ಸಾಕು. ಮುಂದಿನ ಜಾತ್ರೆಯ ಹೊತ್ತಿಗೆ ಬೋರ್ಡಿನಲ್ಲಿ ಇನ್ನೊಂದು ಸಾಲು ಬರೆಸುವಂತಾಗಲಿ!