ಹೃದಯದ ಹಾದಿಯನ್ನು ಕಂಡ ವೈದ್ಯ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ತೀವ್ರ ಅಸ್ವಸ್ಥರಾದವರನ್ನು ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಕರೆತರುವುದುಂಟು. ಅಂಥವರಲ್ಲಿ ಕೆಲವರಿಗೆ ಕೈಯ ಸಣ್ಣ ರಕ್ತನಾಳದ ಮೂಲಕ ಔಷಧ ಕೊಟ್ಟರೆ ಸಾಲದು. ಆಗ ವೈದ್ಯರು ಕುತ್ತಿಗೆಯ ಅಥವಾ ತೋಳಿನ ಅಭಿಧಮನಿಯೊಳಗೆ ಕ್ಯಾತಿಟರ್ ಎಂಬ ತೆಳುವಾದ ನಳಿಕೆಯನ್ನು ಇಳಿಸಿ, ಅದರ ತುದಿಯನ್ನು ಹೃದಯದ ಸಮೀಪಕ್ಕೆ ತಲುಪಿಸುತ್ತಾರೆ. ಈ ಹಾದಿಯನ್ನು ತನ್ನ ದೇಹದಲ್ಲಿಯೇ ಪರೀಕ್ಷಿಸಿ ಲೋಕಕ್ಕೆ ತೋರಿಸಿಕೊಟ್ಟವನು ಜರ್ಮನಿಯ ವರ್ನರ್ ಫೋರ್ಸ್‌ಮನ್.

ಫೋರ್ಸ್‌ಮನ್ 1904ರ ಆಗಸ್ಟ್ 29ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ವಕೀಲನಾಗಿದ್ದ ಅವನ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ವೈದ್ಯಶಿಕ್ಷಣವನ್ನು ಮುಗಿಸಿದ ಫೋರ್ಸ್‌ಮನ್ 1929ರಲ್ಲಿ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದನು. ಸಾಯುತ್ತಿರುವ ರೋಗಿಯ ಹೃದಯಕ್ಕೆ ಔಷಧವನ್ನು ತಲುಪಿಸಲು ಆಗ ಎದೆಗೇ ಸೂಜಿ ಚುಚ್ಚಬೇಕಾಗಿತ್ತು. ಅದು ಅಪಾಯಕರವಾದ ಕ್ರಮ. ಹಿಂದೆ ಫ್ರೆಂಚ್ ವಿಜ್ಞಾನಿಗಳು ಕುದುರೆಯ ಕುತ್ತಿಗೆಯ ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆಯನ್ನು ಇಳಿಸಿದ್ದರು. ಮನುಷ್ಯನಲ್ಲಿಯೂ ಇದು ಏಕೆ ಸಾಧ್ಯವಾಗಬಾರದೆಂದು ಅವನು ಯೋಚಿಸಿದನು. ಆದರೆ ಮುಖ್ಯ ವೈದ್ಯನು ಇದಕ್ಕೆ ಅನುಮತಿ ಕೊಡಲಿಲ್ಲ.

ಗೆರ್ಡಾ ಡಿಟ್ಜೆನ್ ಎಂಬ ದಾದಿ ಪ್ರಯೋಗಕ್ಕೆ ತನ್ನನ್ನೇ ಒಡ್ಡಿಕೊಳ್ಳಲು ಮುಂದಾದಳು. ಫೋರ್ಸ್‌ಮನ್ ಅವಳನ್ನು ಮೇಜಿಗೆ ಕಟ್ಟಿ, ಅವಳ ಮೇಲೆ ಪ್ರಯೋಗ ಮಾಡುವವನಂತೆ ನಟಿಸುತ್ತ, ತನ್ನ ಎಡತೋಳಿನ ಅಭಿಧಮನಿಯನ್ನು ತೆರೆದು ನಳಿಕೆಯನ್ನು ತೂರಿಸಿಕೊಂಡನು. ನಳಿಕೆ ಒಳಗೆ ಸರಿದುದಷ್ಟರಿಂದಲೇ ಅವನಿಗೆ ತೃಪ್ತಿಯಾಗಲಿಲ್ಲ. ಅದು ಎಲ್ಲಿಗೆ ತಲುಪಿದೆಯೆಂಬುದನ್ನು ಕಣ್ಣಾರೆ ಕಾಣದೆ ಗೆಲುವೆನ್ನುವಂತಿರಲಿಲ್ಲ. ತೋಳಿನಲ್ಲಿ ನಳಿಕೆಯನ್ನು ಇಟ್ಟುಕೊಂಡೇ ಅವನು ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದನು. ಪರದೆಯ ಎದುರು ಹಿಡಿದ ಕನ್ನಡಿಯಲ್ಲಿ ತನ್ನ ಎದೆಯೊಳಗಿನ ನಳಿಕೆಯನ್ನು ತಾನೇ ನೋಡಿದನು. ಅದರ ತುದಿಯು ಬಲ ಹೃತ್ಕರ್ಣದಲ್ಲಿದ್ದುದಕ್ಕೆ ಎಕ್ಸ್-ರೇ ಚಿತ್ರವು ಸಾಕ್ಷಿಯಾಯಿತು.

ಈ ಸಾಹಸಕ್ಕೆ ಮನ್ನಣೆ ಕೂಡಲೇ ದೊರೆಯಲಿಲ್ಲ. ಬರ್ಲಿನ್ನಿನ ಹೆಸರಾಂತ ಆಸ್ಪತ್ರೆಯು ಅವನನ್ನು ಕೆಲಸದಿಂದ ತೆಗೆದುಹಾಕಿತು. ಹೃದಯದ ಸಂಶೋಧನೆಯನ್ನು ಬಿಟ್ಟು ಅವನು ಮೂತ್ರರೋಗಗಳ ಚಿಕಿತ್ಸಕನಾದನು. ನಾಜಿ ಪಕ್ಷದ ಸದಸ್ಯನಾದುದು ಅವನ ಬಾಳಿನ ಕಪ್ಪುಚುಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಸೇನಾವೈದ್ಯನಾಗಿದ್ದು ಸೆರೆಯನ್ನೂ ಅನುಭವಿಸಿದನು. ಈ ನಡುವೆ ನ್ಯೂಯಾರ್ಕಿನ ಕೂರ್ನಾನ್ ಮತ್ತು ರಿಚರ್ಡ್ಸ್ ಎಂಬ ವೈದ್ಯರು ಅವನ ಮಾರ್ಗವನ್ನೇ ಹಿಡಿದು ಹೃದ್ರೋಗಗಳನ್ನು ಅಭ್ಯಸಿಸಿದರು. 1956ರ ನೊಬೆಲ್ ಪ್ರಶಸ್ತಿಯನ್ನು ಮೂವರಿಗೂ ಹಂಚಲಾಯಿತು. ಫೋರ್ಸ್‌ಮನ್ 1979ರ ಜೂನ್ 1ರಂದು ನಿಧನನಾದನು.

ಇಂದು ನಳಿಕೆಯ ತುದಿಯನ್ನು ಸಾಮಾನ್ಯವಾಗಿ ಹೃತ್ಕರ್ಣವನ್ನು ಸೇರುವ ಊರ್ಧ್ವ ಮಹಾಭಿಧಮನಿಯ ಕೊನೆಯಲ್ಲಿ ನಿಲ್ಲಿಸುತ್ತಾರೆ. ಅದು ದಾರಿ ತಪ್ಪಿ ಕುತ್ತಿಗೆಯತ್ತ ತಿರುಗಬಹುದು. ಸೂಜಿಯು ಶ್ವಾಸಕೋಶಕ್ಕೆ ತಗುಲಿರಲೂಬಹುದು. ಆದುದರಿಂದಲೇ ವೈದ್ಯರು ಎಕ್ಸ್-ರೇ, ಅಲ್ಟ್ರಾಸೌಂಡ್, ಇ.ಸಿ.ಜಿ.ಗಳ ನೆರವಿನಿಂದ ಅದರ ನೆಲೆಯನ್ನು ದೃಢಪಡಿಸಿಕೊಳ್ಳುತ್ತಾರೆ. ನಳಿಕೆಯನ್ನು ಇಳಿಸುವ ಧೈರ್ಯದಷ್ಟೇ, ಇಳಿದುದನ್ನು ನೋಡಿಯೇ ನಂಬುವ ಎಚ್ಚರವೂ ರೋಗಿಯ ಪ್ರಾಣವನ್ನು ಕಾಯುತ್ತದೆ.