ಸಿಸ್ಟರ್ ಎಲಿಜಬೆತ್ ಕೆನ್ನಿ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ನಡೆಯಲು, ಕೈಯಾಡಿಸಲು ಇಲ್ಲವೆ ಮಾತನಾಡಲು ಕಷ್ಟಪಡುವ ಮಗುವಿಗೆ ವೈದ್ಯರು ಔಷಧಕ್ಕೆ ಬದಲಾಗಿ ಅಭ್ಯಾಸಗಳನ್ನು ವಿಧಿಸಿದಾಗ, ಇದೆಂಥ ಚಿಕಿತ್ಸೆಯೆಂದು ತಾಯಿತಂದೆಗಳು ಸಂದೇಹಪಡುವುದುಂಟು. ಅಂಥವರಿಗೆ ಈ ಮಹಿಳೆಯ ಚರಿತ್ರೆಯು ಉಪಯುಕ್ತವಾದೀತೆಂದು ನಂಬಿ ಸಂಗ್ರಹವಾಗಿ ಬರೆದಿದೆ.

ಎಲಿಜಬೆತ್ ಕೆನ್ನಿಯು ೧೮೮೦ನೆಯ ಇಸವಿ ಸೆಪ್ಟೆಂಬರ್ ೨೦ರಂದು ಆಸ್ಟ್ರೇಲಿಯಾ ದೇಶದ ವಾರಿಯಾಲ್ಡಾ ಎಂಬ ಊರಿನಲ್ಲಿ ಬೇಸಾಯಗಾರರ ಕುಟುಂಬದಲ್ಲಿ ಜನಿಸಿದಳು. ಬಾಲ್ಯದಲ್ಲಿ ಮಣಿಕಟ್ಟು ಮುರಿದಾಗ ಆಕೆಗೆ ಟೂವೂಂಬಾ ನಗರದ ವೈದ್ಯರಾದ ಈನಿಯಸ್ ಮೆಕ್ಡಾನೆಲ್ಲರ ಪರಿಚಯವಾಯಿತು. ಅವರ ಪುಸ್ತಕಗಳಿಂದಲೇ ಆಕೆಯು ಮಾಂಸಖಂಡಗಳ ರಚನೆಯನ್ನು ಕಲಿತಳು. ದಾದಿಯರ ಕ್ರಮಬದ್ಧವಾದ ಶಿಕ್ಷಣವು ಆಕೆಗೆ ದೊರೆಯಲಿಲ್ಲ. ಆದರೂ ಕ್ವೀನ್ಸ್‌ಲೆಂಡಿನ ಹಳ್ಳಿಗಾಡಿನಲ್ಲಿ ರೋಗಿಗಳ ಶುಶ್ರೂಷೆಯನ್ನು ಕೈಕೊಂಡಳು.

೧೯೧೧ನೆಯ ಇಸವಿಯಲ್ಲಿ ಕೈಕಾಲು ಸೆಡೆತು ನರಳುತ್ತಿದ್ದ ಒಂದು ಚಿಕ್ಕ ಹೆಣ್ಣುಮಗುವನ್ನು ಕಂಡುದಾಗಿ ಆಕೆಯು ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾಳೆ. ಮೆಕ್ಡಾನೆಲ್ಲರಿಗೆ ತಂತಿ ಕಳುಹಿಸಲು, ಅದು ಪೋಲಿಯೋ ರೋಗವೆಂದೂ ಗೊತ್ತಾದ ಔಷಧವಿಲ್ಲವೆಂದೂ ಕಂಡ ಲಕ್ಷಣಗಳಿಗೆ ತಕ್ಕಂತೆ ಉಪಚರಿಸಬೇಕೆಂದೂ ಉತ್ತರ ಬಂದಿತು. ಆಗ ಆಕೆಯು ಉಣ್ಣೆಯ ಬಟ್ಟೆಯ ತುಂಡುಗಳನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನೋಯುವ ಅಂಗಗಳಿಗೆ ಸುತ್ತಿದಳು. ನೋವು ಶಮನವಾದ ಮೇಲೆ ಅಂಗಗಳನ್ನು ಮೆಲ್ಲಮೆಲ್ಲನೆ ಆಡಿಸಿದಳು.

ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಹಡಗುಗಳಲ್ಲಿ ಸೇವೆಮಾಡಿ ೧೯೧೭ರಲ್ಲಿ ಸಿಸ್ಟರ್ ಎಂಬ ಹೆಸರನ್ನು ಪಡೆದಳು. ಇದು ಕನ್ಯಾಸ್ತ್ರೀಯರ ಹೆಸರಲ್ಲ. ಸೈನ್ಯದ ದಾದಿಯರ ಪದವಿ.

ಆ ಕಾಲದಲ್ಲಿ ಪೋಲಿಯೋ ಹಿಡಿದ ಮಕ್ಕಳ ಅಂಗಗಳಿಗೆ ದಬ್ಬೆ ಕಟ್ಟಿ ಬಹುಕಾಲ ಅಲುಗದಂತೆ ಇಡುತ್ತಿದ್ದರು. ಕೆನ್ನಿಯು ಇದಕ್ಕೆ ವಿರುದ್ಧವಾಗಿ, ಸೋತ ಮಾಂಸಖಂಡದ ಕಡೆಗೆ ಮಗುವಿನ ಮನಸ್ಸನ್ನೇ ತಿರುಗಿಸಿ, ಮರೆತ ಚಲನೆಯನ್ನು ಪಾಠದಂತೆ ಪುನಃ ಕಲಿಸುತ್ತಿದ್ದಳು. ೧೯೩೮ರಲ್ಲಿ ಕ್ವೀನ್ಸ್‌ಲೆಂಡಿನ ವೈದ್ಯರ ಆಯೋಗವು ಈ ಪದ್ಧತಿಯನ್ನು ತೀವ್ರವಾಗಿ ಖಂಡಿಸಿತು. ಆಕೆಯು ಎದೆಗುಂದದೆ ೧೯೪೦ರಲ್ಲಿ ಅಮೆರಿಕಕ್ಕೆ ಹೋದಳು. ಮಿನಿಯಾಪೊಲಿಸ್ ನಗರದ ವೈದ್ಯರು ಆಕೆಯ ಕೆಲಸವನ್ನು ಕಣ್ಣಾರೆ ಕಂಡು ಮೆಚ್ಚಿದರು. ೧೯೪೨ರಲ್ಲಿ ಅಲ್ಲಿ ಆಕೆಯ ಹೆಸರಿನ ಸಂಸ್ಥೆಯು ಸ್ಥಾಪಿತವಾಯಿತು. ೧೯೫೨ರ ನವೆಂಬರ್ ೩೦ರಂದು ಆಕೆಯು ಟೂವೂಂಬಾದಲ್ಲಿ ಕಾಲವಾದಳು.

ಆಕೆಯು ಹೇಳಿದುದೆಲ್ಲವೂ ನಿಜವಾಗಲಿಲ್ಲ. ಪೋಲಿಯೋ ವಿಷಯದಲ್ಲಿ ಆಕೆಯು ಕೊಟ್ಟ ವಿವರಣೆಯನ್ನು ವೈದ್ಯಶಾಸ್ತ್ರವು ಪೂರ್ಣವಾಗಿ ಒಪ್ಪಲಿಲ್ಲ. ನಾಶವಾದ ನರಗಳನ್ನು ಬಿಸಿಬಟ್ಟೆಯು ಬದುಕಿಸಲಾರದು. ಮಾತಿನಲ್ಲಿಯೂ ಆಕೆಯು ಬಹು ಬಿರುಸು. ಆದರೆ ಅಂಗವನ್ನು ಕಟ್ಟಿಡದೆ ಪಳಗಿಸಬೇಕೆಂಬ ತತ್ತ್ವವು ಉಳಿಯಿತು. ೧೯೫೫ರಿಂದ ಲಸಿಕೆಯು ಬಳಕೆಗೆ ಬಂದಿತು. ಭಾರತದಲ್ಲಿ ಸಹಜವಾಗಿ ಹರಡುವ ಪೋಲಿಯೋವಿನ ಕೊನೆಯ ರೋಗಿಯು ೨೦೧೧ರಲ್ಲಿ ಕಂಡುಬಂದ ಒಂದು ಮಗು. ಆದರೂ ಬೇರೆ ಕಾರಣಗಳಿಂದ ಚಲನೆ ಕುಂದಿದ ಮಕ್ಕಳು ನಮ್ಮ ನಡುವೆ ಇದ್ದಾರೆ.

ಇಂಥ ಮಕ್ಕಳಿಗಾಗಿ ಇಂದು ಮೂರು ಬಗೆಯ ಚಿಕಿತ್ಸೆಗಳುಂಟು. ಫಿಸಿಯೋಥೆರಪಿಯು ಕುಳ್ಳಿರುವುದನ್ನೂ ನಿಲ್ಲುವುದನ್ನೂ ನಡೆಯುವುದನ್ನೂ ಸಾಧಿಸುತ್ತದೆ. ಆಕ್ಯುಪೇಷನಲ್ ಥೆರಪಿಯು ಗುಂಡಿ ಹಾಕುವುದು, ತುತ್ತು ಎತ್ತುವುದು, ಬಳಪ ಹಿಡಿಯುವುದು ಮೊದಲಾದ ನಿತ್ಯಕೃತ್ಯಗಳನ್ನು ಕಲಿಸುತ್ತದೆ. ಮಾತಿನ ಚಿಕಿತ್ಸೆಯು ಉಚ್ಚಾರಣೆಯನ್ನಲ್ಲದೆ ಇತರರ ಮಾತನ್ನು ಗ್ರಹಿಸುವುದನ್ನೂ ಆಹಾರ ನುಂಗುವುದನ್ನೂ ತಿದ್ದುತ್ತದೆ.

ಚಿಕಿತ್ಸಕರು ಮಗುವನ್ನು ವಾರದಲ್ಲಿ ಕೆಲವು ಗಳಿಗೆ ಮಾತ್ರ ನೋಡುವರು. ಉಳಿದ ಹೊತ್ತೆಲ್ಲಾ ಮಗು ಮನೆಯಲ್ಲಿರುವುದು. ಆದಕಾರಣ ತಾಯಿತಂದೆಗಳು ಅವರ ಬಳಿಯಲ್ಲಿ ಕುಳಿತು ಕ್ರಮವನ್ನು ಕಲಿತು, ಅವರು ಹೇಳಿದಷ್ಟನ್ನೇ ಮನೆಯಲ್ಲಿ ಪ್ರತಿದಿನವೂ ಆಟದಂತೆ ಮಾಡಿಸಬೇಕು. ನೋವಾದರೆ ನಿಲ್ಲಿಸಿ ತಿಳಿಸಬೇಕು. ಮಗುವು ತಾನೇ ಮಾಡಬಲ್ಲ ಕೆಲಸವನ್ನು ಕನಿಕರದಿಂದ ನಾವೇ ಮಾಡಿಬಿಡುವುದು ಪ್ರೀತಿಯಂತೆ ತೋರಿದರೂ, ಅದೂ ಒಂದು ಬಗೆಯ ದಬ್ಬೆಯೇ. ಕರ್ತನು ಅಂಥ ಮಕ್ಕಳ ತಾಯಿತಂದೆಗಳಿಗೆ ತಾಳ್ಮೆಯನ್ನು ಅನುಗ್ರಹಿಸಲಿ.